ಹಾಳೆಯ ಹಿಂಬದಿ

ಏಪ್ರಿಲ್ 19, ಮಧ್ಯಾಹ್ನ ಒಂದೂವರೆ

ಅಕ್ಕನಿಗೆ,

ಮತಗಟ್ಟೆಯೊಳಗೆ ಕೂತು ಅಕ್ಕನಿಗೆ ಕಾಗದ ಬರೆಯಬಾರದು ಎಂದು ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿ ನೋಡಿಯೇ ಬರೆಯುತ್ತಿದ್ದೇನೆ. ಈಗ ಸಾಲಿನಲ್ಲಿ ಯಾರೂ ಇಲ್ಲ. ಗುಮಾಸ್ತರಿಬ್ಬರೂ ಬುತ್ತಿ ಬಿಚ್ಚಿದ್ದಾರೆ. "ನಮ್ಮೂರಲ್ಲಿ ಹೇಗಿತ್ತು ಅಂತ ನಾಲ್ಕು ಮಾತು ಬರಿ, ಅಂಕಣಕ್ಕೆ ಬೇಕು" ಎಂದಿದ್ದೆಯಲ್ಲ, ಅದಕ್ಕೇ ಇದು.

ನಾನು ಲೆಕ್ಕ ಪಾಠ ಮಾಡುವ ಕೋಣೆಯೇ ಮತಗಟ್ಟೆ, ನಾನೇ ಅದರ ಅಧಿಕಾರಿ. ಕಪ್ಪುಹಲಗೆಯ ಮೇಲೆ ಮೊನ್ನೆಯ ಭಿನ್ನರಾಶಿ ಹಾಗೇ ಉಳಿದಿತ್ತು. ಒಬ್ಬ ಏಜೆಂಟ್ ಅದನ್ನೇ ದಿಟ್ಟಿಸಿ ನೋಡಿ, "ಸಾರ್, ಇದ್ರಲ್ಲಿ ಯಾವ್ದಾದ್ರೂ ಪಕ್ಷದ ಗುರುತು ಇದ್ಯಾ?" ಎಂದು ಕೇಳಿದ. ಒರೆಸಿಬಿಟ್ಟೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ತೊಂಬತ್ತು ದಾಟಿದ ಒಬ್ಬ ಅಜ್ಜಿ. ಮೊಮ್ಮಕ್ಕಳಿಬ್ಬರು ಕುರ್ಚಿ ಸಮೇತ ಎತ್ತಿಕೊಂಡು ಬಂದಿದ್ದರು. ಪರದೆಯ ಹಿಂದೆ ಹೋದ ಅಜ್ಜಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಏನಾಯ್ತಜ್ಜಿ ಎಂದರೆ, "ತಡಿಯಪ್ಪಾ, ನನ್ನನ್ನ ಒಬ್ಳೇ ಬಿಡೋದೇ ಐದು ವರ್ಷಕ್ಕೊಂದ್ಸಲ. ಒಂದ್ ಗಳಿಗೆ ಕೂತ್ಕೊಂಡ್ ಬರ್ತೀನಿ" ಎಂದರು. ಇಡೀ ಸಾಲು ನಕ್ಕಿತು, ಎರಡೂ ಪಕ್ಷದ ಏಜೆಂಟರೂ ನಕ್ಕರು. ಇಲ್ಲಿಯವರೆಗೆ ಒಂದು ಜೋರು ದನಿ ಕೇಳಿಲ್ಲ. ಜಗಳವನ್ನೇ ಕಾಯುತ್ತಿದ್ದರೆ ನಿನಗೆ ನಿರಾಸೆಯಾಗಬಹುದು.

ನಿನ್ನ ತಮ್ಮ

ಅದೇ ದಿನ, ಸಂಜೆ ಏಳು. ಇನ್ನೊಂದು ಹಾಳೆ ಏಕೆಂದು ಹಿಂಬದಿಗೇ ಬರೆಯುತ್ತಿದ್ದೇನೆ.

ಅಕ್ಕ, ಆ ಬದಿಯಲ್ಲಿ ಬರೆದದ್ದು ಮಧ್ಯಾಹ್ನದ ಮಾತು. ಎರಡು ಗಂಟೆಗೆ ಗಿರಣಿಯ ಪಾಳಿ ಬಿಟ್ಟಿತು. ಗಿರಣಿ ಹಿಂದಿನ ಓಣಿಯವರು ಸಾಲಾಗಿ ಬಂದರು. ಮೊದಲನೆಯವರ ಕ್ರಮಸಂಖ್ಯೆ ನೋಡಿದರೆ ಪಟ್ಟಿಯಲ್ಲಿ ಆಗಲೇ ಗೆರೆ ಎಳೆದಾಗಿದೆ. ಎರಡನೆಯವರದೂ ಅಷ್ಟೇ. ಬೆರಳಿಗೆ ಶಾಯಿಯಿಲ್ಲ, ಪಟ್ಟಿಯಲ್ಲಿ ಮತ ಹಾಕಿಯಾಗಿದೆ. ಹೀಗೆ ಹತ್ತೊಂಬತ್ತು ಜನ. ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಗುಂಪು ಬಂದು ಬೇಗ ಬೇಗ ಹಾಕಿ ಹೋಗಿತ್ತು. ಗುರುತಿಲ್ಲದ ಮುಖಗಳು. ಹೊಸ ಬಡಾವಣೆಯವರಿರಬೇಕು ಎಂದುಕೊಂಡೆ. ಏಜೆಂಟರು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು, ನಾನು ಕೇಳಬೇಕಾಗಿತ್ತು.

ಹತ್ತೊಂಬತ್ತು ಸಂಖ್ಯೆಗಳನ್ನೂ ಮತಗಟ್ಟೆಯ ದಿನಚರಿಯಲ್ಲಿ ಬರೆದೆ. ಪೆಟ್ಟಿಗೆ ಒಯ್ಯಲು ಬಂದ ಮೇಲಧಿಕಾರಿ ಅದನ್ನು ನೋಡಿ, "ಇದನ್ನೆಲ್ಲ ಯಾಕ್ರೀ ಬರೆಯೋಕ್ ಹೋದ್ರಿ?" ಎಂದರು. ಆ ದಿನಚರಿ ಇನ್ನು ನನ್ನ ಕೈಗೆ ಬರುವುದಿಲ್ಲ. ಅದಕ್ಕೆ ಸಂಖ್ಯೆಗಳು ನಿನ್ನ ಹತ್ತಿರವೂ ಇರಲಿ: 112, 114, 115, 131, 132, 140, 158, 159, 160, 183, 204, 205, 217, 218, 240, 241, 266, 270, 271. ನನ್ನ ಬಳಿ ಬೇರೆ ಪ್ರತಿ ಇಟ್ಟುಕೊಂಡರೆ ಅದೇ ಅಪರಾಧವಾದೀತು ಎಂದು ಇಟ್ಟುಕೊಂಡಿಲ್ಲ.

ಏನು ಮಾಡಬೇಕು, ನೀನೇ ಹೇಳು.

ಏಪ್ರಿಲ್ 24

ಲೆಕ್ಕದ ಮೇಷ್ಟ್ರೇ,

ನಿನ್ನ ಅಜ್ಜಿ ಈಗ ದೇಶಕ್ಕೆಲ್ಲ ಅಜ್ಜಿ. ನಿನ್ನೆಯ ಅಂಕಣ ಅವರಿಂದಲೇ ಶುರುವಾಯಿತು. ನನ್ನ ಅಕ್ಷರ ಅಚ್ಚಿನ ಮನೆಯವರಿಗೆ ತಲೆನೋವು, ನಿನ್ನದು ಮುತ್ತು ಪೋಣಿಸಿದ ಹಾಗೆ. ಮತ್ತೆ ಯಾರು ನಕಲು ಮಾಡುತ್ತ ಕೂರುತ್ತಾರೆ ಎಂದು ಕತ್ತರಿ ತೆಗೆದುಕೊಂಡು ನಿನ್ನ ಹಾಳೆಯನ್ನೇ ಕತ್ತರಿಸಿ, ನನ್ನ ಬರಹದ ನಡುವೆ ಅಂಟಿಸಿ ಕಳಿಸಿದೆ. ಬೈದುಕೊಳ್ಳಬೇಡ. ಮೂವತ್ತು ವರ್ಷದಿಂದ ಎಲ್ಲರ ಕಾಗದಕ್ಕೂ ಇದೇ ಗತಿ.

ಇಲ್ಲಿ ಎಲ್ಲರೂ ಫಲಿತಾಂಶಕ್ಕೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ. ಈ ಸಲದ ಪ್ರಚಾರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ನಾನು ಸದಾ ಬೈಯುವ ಪಕ್ಷದ ಆ ದೊಡ್ಡವರ ಕಡೆಯವರ ಸೌಜನ್ಯ. ಹೋದ ಸಲ ಬೈದರು, ಅದರ ಹಿಂದಿನ ಸಲ ಬೆದರಿಸಿದರು. ಈ ಸಲ ಸುಮ್ಮನೆ ನಗುತ್ತ ಓಡಾಡಿದರು. ಉತ್ತರ ಮೊದಲೇ ಗೊತ್ತಿರುವ ಹುಡುಗ ಪರೀಕ್ಷೆಯ ಕೋಣೆಗೆ ಹೋಗುತ್ತಾನಲ್ಲ, ಆ ನಗು. ಹಾಗಿದ್ದೂ ನಮ್ಮೂರು ಶಾಂತವಾಗಿತ್ತು ಎಂದು ನೀನು ಬರೆದದ್ದು ಓದಿ ಎಷ್ಟು ಸಮಾಧಾನವಾಯಿತು ಗೊತ್ತೇ? ನೀನು ಸುಳ್ಳು ಬರೆಯುವವನಲ್ಲ.

ಅಕ್ಕ

ಮೇ 3

ತಮ್ಮಾ,

ದೊಡ್ಡವರ ಕಡೆಯವರೇ ಗೆದ್ದರು. ನಿನಗೂ ಗೊತ್ತಾಗಿರುತ್ತದೆ. ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಮೂರಕ್ಕೇ ಎಲ್ಲ ಮುಗಿದಿತ್ತು. ಗೋಡೆಯ ಹಲಗೆಯ ಮೇಲೆ ಅಂಕಿ ಬರೆಯುತ್ತಿದ್ದವನು ಸೀಮೆಸುಣ್ಣ ಕೆಳಗಿಟ್ಟು, "ಇನ್ನು ಬರೆಯೋದೇನಿದೆ ಮೇಡಂ?" ಎಂದ. ನಿನ್ನೆಯವರೆಗೆ ನನ್ನ ಅಂಕಣ ಬಾಯಿಪಾಠ ಮಾಡುತ್ತಿದ್ದ ಕರಡು ತಿದ್ದುವವರು ಸಿಹಿ ಹಂಚಿದರು. ನಾನೂ ಒಂದು ತುಂಡು ತಿಂದೆ. ಬೇಡ ಅನ್ನಲು ಧೈರ್ಯ ಬರಲಿಲ್ಲ ನೋಡು.

ನಮ್ಮೂರ ಕ್ಷೇತ್ರದಲ್ಲಿ ಅಂತರ ಹನ್ನೊಂದು ಮತವಂತೆ! ಸೋತವರು ಮೋಸ, ಮೋಸ ಎಂದು ಬೊಬ್ಬೆ ಹಾಕುತ್ತಿದ್ದಾರೆ. ನಾನು ಬಯಸಿದ್ದವರೇ ಸೋತದ್ದು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಐದು ವರ್ಷ ಒಬ್ಬರ ಕಾಲು ಒಬ್ಬರು ಎಳೆಯುತ್ತ ಕೂತು ಈಗ ಪೆಟ್ಟಿಗೆಯ ಮೇಲೆ ತಪ್ಪು ಹೊರಿಸಿದರೆ ಹೇಗೆ? ಅದನ್ನೇ ಬರೆದೆ. 'ಸೋಲನ್ನೂ ಗೌರವದಿಂದ' ಎಂದು ತಲೆಬರಹ. ಕೊನೆಯ ಸಾಲು ಹೀಗಿದೆ: ಕುರ್ಚಿಯಲ್ಲಿ ಬಂದ ಆ ಅಜ್ಜಿ ಕೂತು ಯೋಚಿಸಿ ಹಾಕಿದ ಮತವನ್ನು ಅನುಮಾನಿಸುವ ಹಕ್ಕು ನಮಗೆ ಯಾರು ಕೊಟ್ಟರು?

ನೀನೇಕೆ ಬರೆಯುತ್ತಿಲ್ಲ?

ಅಕ್ಕ

ಮೇ 11

ಅಕ್ಕನಿಗೆ,

ಅಂಕಣ ಓದಿದೆ. ಎರಡು ಸಲ ಓದಿದೆ. ನನ್ನ ಪ್ರಶ್ನೆಗೆ ಅದೇ ನಿನ್ನ ಉತ್ತರ ಎಂದು ಅರ್ಥ ಮಾಡಿಕೊಂಡಿದ್ದೇನೆ. ನನಗಿಂತ ಹೆಚ್ಚು ತಿಳಿದವಳು ನೀನು, ಏನೋ ಕಾರಣವಿರಬೇಕು. ನೀನು ಹೇಳಿದ ಹಾಗೆ ಸುಮ್ಮನಿದ್ದೇನೆ.

ಅಮ್ಮನ ಕಾಲುನೋವು ಹಾಗೇ ಇದೆ. ನಿನ್ನ ಅಂಕಣವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದರು.

ನಿನ್ನ ತಮ್ಮ

ಮೇ 20

ತಮ್ಮಾ,

"ನೀನು ಹೇಳಿದ ಹಾಗೆ ಸುಮ್ಮನಿದ್ದೇನೆ"! ಮನೆಯಲ್ಲಿ ಒಬ್ಬನಾದರೂ ನನ್ನ ಮಾತು ಕೇಳಿದನಲ್ಲ. ಸೋಲು ಹೊಟ್ಟೆಗೆ ಹಾಕಿಕೊಳ್ಳುವುದು ನಿನಗೂ ಸುಲಭವಲ್ಲ ಎಂದು ಗೊತ್ತು.

ಗೆದ್ದವರು ನನ್ನ ಅಂಕಣವನ್ನು ಎತ್ತಿ ಹಿಡಿದಿದ್ದಾರೆ. ದೊಡ್ಡವರೇ ಸಭೆಯಲ್ಲಿ, "ನಮ್ಮನ್ನು ಜೀವನವಿಡೀ ಬೈದ ಹೆಣ್ಣುಮಗಳೇ ಒಪ್ಪಿಕೊಂಡಿದ್ದಾರೆ" ಎಂದರಂತೆ. ಮೂವತ್ತು ವರ್ಷ ಬರೆದದ್ದು ಯಾರ ಕಿವಿಗೂ ಬೀಳಲಿಲ್ಲ, ಇದೊಂದು ಬಿತ್ತು. ನಮ್ಮವರು ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಒಬ್ಬಳೇ ಕೂತಾಗ ಮೈಯೆಲ್ಲ ಉರಿಯುತ್ತದೆ. ಆದರೂ ಸರಿಯಾದದ್ದನ್ನೇ ಬರೆದೆ ಎಂಬ ಒಂದು ಧೈರ್ಯವಿದೆ.

ಅಕ್ಕ

ಜೂನ್ 28

ಅಕ್ಕನಿಗೆ,

ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸೋತ ಅಭ್ಯರ್ಥಿ ದೂರು ಕೊಟ್ಟಿದ್ದಾರೆ. ವಿಚಾರಣೆ ನಡೆಯುತ್ತದೆ. ಹತ್ತೊಂಬತ್ತು ಜನರ ಹೆಸರಲ್ಲಿ ಬೇರೆಯವರು ಮತ ಹಾಕಿದ್ದು ನಿಜವಾದರೆ ಅದಕ್ಕೆ ಅವಕಾಶ ಕೊಟ್ಟವನು ನಾನು, ಬೇಕೆಂದೇ ಮುಚ್ಚಿಟ್ಟವನೂ ನಾನು ಎಂದು ನನಗೆ ನೋಟಿಸು ಬಂದಿದೆ. ದಿನಚರಿಯಲ್ಲಿ ಬರೆದಿದ್ದೇನಲ್ಲ ಎಂದೆ. ತೆಗೆದು ತೋರಿಸಿದರು. ಆ ಪುಟ ನನ್ನ ಅಕ್ಷರವಲ್ಲ. 'ಮತದಾನ ಸುಗಮವಾಗಿತ್ತು' ಎಂದು ಒಂದೇ ಸಾಲಿದೆ. ನನ್ನ ಸಹಿಯನ್ನು ಯಾರೋ ನನಗಿಂತ ಚೆನ್ನಾಗಿ ಮಾಡಿದ್ದಾರೆ.

ಓಣಿಯ ಹೊಲಿಗೆಯವಳ ಹತ್ತಿರ ಹೋಗಿದ್ದೆ. ಹತ್ತೊಂಬತ್ತರಲ್ಲಿ ಅವಳೂ ಒಬ್ಬಳು. ಅಂದು ನನ್ನ ಮೇಜಿನ ಮುಂದೆ ನಿಂತು, "ಬರ್ಕೊಳ್ಳಿ ಮೇಷ್ಟ್ರೇ, ನನ್ನ ನಂಬರ್ ಬರ್ಕೊಳ್ಳಿ" ಎಂದು ಬರೆಸಿ, ಓದಿಸಿ ಕೇಳಿದವಳು. "ಬರೀ ಬಾಯಲ್ಲಿ ಹೇಳಿದ್ರೆ ನಾಳೆ ದೊಡ್ಡವ್ರ ಕಡೆಯ ಗಿರಣಿಯವ್ರು ನಮ್ಮೋಣಿಯವ್ರನ್ನ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೀತಾರೆ. ಅವತ್ತೇ ಬರೆದಿದ್ದ ಕಾಗ್ದ ಇದ್ರೆ ತೋರ್ಸಿ, ಎಲ್ಲಾರೂ ಬರ್ತೀವಿ" ಎಂದಳು.

ಅಂದೇ ಬರೆದ ಕಾಗದ ಇರುವುದು ನಿನ್ನಲ್ಲಿ ಮಾತ್ರ. ಕತ್ತರಿಸುವ ಮೊದಲು ಹಿಂಬದಿಯನ್ನು ನೀನು ಎಲ್ಲಾದರೂ ಬರೆದಿಟ್ಟುಕೊಂಡಿರುತ್ತೀಯ. ಅದನ್ನು ಕಳಿಸು. ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ, ಜೊತೆಗೆ ಮೊಕದ್ದಮೆಯೂ ಹೂಡುತ್ತಾರಂತೆ.

ನಿನ್ನ ತಮ್ಮ

ಜುಲೈ 2

ತಮ್ಮಾ,

ಹೆದರಬೇಡ. ಹುಡುಕುತ್ತಿದ್ದೇನೆ. ನನ್ನ ಮೇಜಿನ ಸ್ಥಿತಿ ನಿನಗೆ ಗೊತ್ತೇ ಇದೆ, ಅದರೊಳಗೆ ಬಿದ್ದದ್ದು ಮೇಲೆ ಬರಲು ದಿನ ಹಿಡಿಯುತ್ತದೆ.

ಒಂದು ಸುದ್ದಿ. ಹೊಸ ಸರ್ಕಾರ ಚುನಾವಣಾ ಸುಧಾರಣೆಗೆ ಸಮಿತಿ ಮಾಡುತ್ತಿದೆ, ನನ್ನನ್ನು ಸದಸ್ಯೆಯಾಗಿ ಎಂದು ಕೇಳಿದ್ದಾರೆ. ನಿಷ್ಪಕ್ಷಪಾತಿ ಎಂದು ಹೆಸರು ಬಂದಿದೆಯಂತೆ! ಒಪ್ಪಿಕೊಂಡೆ. ಒಳಗಿದ್ದರೆ ನಾಲ್ಕು ಒಳ್ಳೆಯ ಕೆಲಸ ಮಾಡಿಸಬಹುದು.

ಅಕ್ಕ

ಜುಲೈ 8

ಅಕ್ಕ, ಸಿಕ್ಕಿತೇ?

ಜುಲೈ 15

ತಮ್ಮಾ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಸುತ್ತಿ ಬಳಸಿ ಹೇಳಲು ಇನ್ನು ಆಗುವುದಿಲ್ಲ.

ನಾನು ಹಿಂಬದಿಯನ್ನು ಓದಲೇ ಇಲ್ಲ. ಕೆಳಗೆ 'ನಿನ್ನ ತಮ್ಮ' ಎಂದಿತ್ತು, ಕಾಗದ ಮುಗಿಯಿತು ಎಂದುಕೊಂಡೆ. ಅಂಕಣಕ್ಕೆ ಹೊತ್ತಾಗಿತ್ತು. ಕತ್ತರಿ ಹಾಕಿ, ಹಿಂಬದಿಗೆ ಗೋಂದು ಸವರಿ ಅಂಟಿಸಿದೆ. ಗೋಂದು ಹಚ್ಚುವಾಗ ಅಲ್ಲಿ ಏನೋ ಶಾಯಿ ಕಂಡ ಹಾಗಿತ್ತು. ನೀನು ಹಾಳೆ ಉಳಿಸುವವನು, ಹಳೆಯ ಪಾಠದ ಟಿಪ್ಪಣಿಯ ಮೇಲೆ ಬರೆದಿದ್ದೀಯ ಎಂದುಕೊಂಡೆ. ಅಚ್ಚಾದ ಮೇಲೆ ಹಸ್ತಪ್ರತಿಯನ್ನು ವಾರಕ್ಕೊಮ್ಮೆ ರದ್ದಿಗೆ ಹಾಕುತ್ತಾರೆ. ಹೋಗಿ ಕೇಳಿದೆ, ಏಪ್ರಿಲ್‌ನದು ಒಂದು ಚೂರೂ ಇಲ್ಲ.

ನಿನ್ನ ಲಕೋಟೆಯಲ್ಲಿ ಬೆರಳಗಲದ ಒಂದು ತುಂಡು ಉಳಿದಿದೆ. ಒಂದು ಬದಿಯಲ್ಲಿ 'ನಿನ್ನ ತಮ್ಮ'. ಇನ್ನೊಂದು ಬದಿಯಲ್ಲಿ 'ಏನು ಮಾಡಬೇಕು, ನೀನೇ ಹೇಳು'. ಇದು ನನಗೆ ಸಿಕ್ಕಿದ್ದು ಜುಲೈ ಒಂದಕ್ಕೇ. ಹದಿನೈದು ದಿನ ನಿನಗೆ ಹೇಳಲಿಲ್ಲ.

ಆ ಅಂಕಣ ಬರೆದ ಕೈ ಕತ್ತರಿಸಿಕೊಳ್ಳಬೇಕು ಅನಿಸುತ್ತಿದೆ. ನಿನ್ನನ್ನು ಏನೆಂದು ಕ್ಷಮೆ ಕೇಳಲಿ?

ಅಕ್ಕ

ಜುಲೈ 21

ಅಕ್ಕನಿಗೆ,

ಕಾಗದ ಓದಿ ಶಾಲೆಯ ಬಾವಿಕಟ್ಟೆಯ ಮೇಲೆ ಒಂದು ಪೂರ್ತಿ ಪೀರಿಯಡ್ ಕೂತಿದ್ದೆ. ಎರಡು ತಿಂಗಳು ನಾನು ನಿನ್ನ ಮಾತೆಂದು ನಂಬಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನೀನು ಮಾತೇ ಆಡಿರಲಿಲ್ಲ. ಅಂದೇ ದೂರು ಬರೆದು ಕೊಟ್ಟಿದ್ದರೆ ಇವತ್ತು ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ.

ಸಿಟ್ಟು ಇದೆ. ಅದನ್ನು ಆಮೇಲೆ ತೀರಿಸಿಕೊಳ್ಳೋಣ. ಆಗಸ್ಟ್ ನಾಲ್ಕಕ್ಕೆ ವಿಚಾರಣೆ. ನಾನು ಬೇಕೆಂದೇ ಮುಚ್ಚಿಟ್ಟೆ ಎನ್ನಲು ವಿಚಾರಣೆಯವರು ಇಟ್ಟಿರುವ ಮೊದಲ ದಾಖಲೆ ಯಾವುದು ಗೊತ್ತೇ? ನಿನ್ನ ಅಂಕಣ. 'ಅಧಿಕಾರಿಯ ಸ್ವಂತ ಅಕ್ಕನೇ, ಅವನ ಪತ್ರದ ಆಧಾರದ ಮೇಲೆ, ಎಲ್ಲ ಸರಿಯಿತ್ತು ಎಂದು ಬರೆದಿದ್ದಾರೆ' ಎಂದು ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದಾರೆ.

ನೀನು ಬಾ. ಸುಳ್ಳು ಹೇಳು ಎಂದು ಕೇಳುತ್ತಿಲ್ಲ. ನನಗೆ ಬರೆದದ್ದನ್ನೇ ಅಲ್ಲಿ ಹೇಳು: ಕಾಗದಕ್ಕೆ ಹಿಂಬದಿ ಇತ್ತು, ಅದರಲ್ಲಿ ಏನೋ ಬರೆದಿತ್ತು, ಓದದೆ ಕತ್ತರಿಸಿದೆ, ಉಳಿದ ತುಂಡು ಇದು. ಎಲ್ಲ ಸರಿಯಿದ್ದವನು ಏನು ಮಾಡಬೇಕು ಎಂದು ಯಾಕೆ ಕೇಳುತ್ತಾನೆ? ಅಷ್ಟು ಸಾಕು. ನೀನು ಬಾಯಿ ಬಿಟ್ಟರೆ ಓಣಿಯವರೂ ಬರುತ್ತಾರೆ. ಹೊಲಿಗೆಯವಳು ಮಾತು ಕೊಟ್ಟಿದ್ದಾಳೆ.

ಇದರಿಂದ ನಿನ್ನ ಹೆಸರಿಗೆ ಏನಾಗುತ್ತದೆ ಎಂದು ತಿಳಿದೇ ಕೇಳುತ್ತಿದ್ದೇನೆ.

ನಿನ್ನ ತಮ್ಮ

ಜುಲೈ 27

ತಮ್ಮಾ,

ಬರುತ್ತೇನೆ. ಬರದೆ ಇರುತ್ತೇನೆಯೇ?

ಆದರೆ ಒಂದು ಮಾತು ಯೋಚಿಸು. ನಾನು ಓದದೆ ಬರೆದೆ ಎಂದು ಒಪ್ಪಿಕೊಂಡ ಮರುದಿನ ದೊಡ್ಡವರ ಕಡೆಯವರು ನನ್ನ ಮೂವತ್ತು ವರ್ಷದ ಬರಹವನ್ನೆಲ್ಲ ಒಂದೇ ಬುಟ್ಟಿಗೆ ಹಾಕುತ್ತಾರೆ: ಈಯಮ್ಮ ಯಾವುದನ್ನು ಓದಿ ಬರೆದಿದ್ದಾರೆ? ಅವರ ಬಗ್ಗೆ ಬರೆದ ಒಂದೊಂದು ನಿಜವೂ ಸುಳ್ಳಾಗುತ್ತದೆ. ನಮ್ಮವರಂತೂ ನನ್ನನ್ನು ಹರಿದು ತಿನ್ನುತ್ತಾರೆ. ಸಮಿತಿಯ ಮೊದಲ ಸಭೆ ಆಗಸ್ಟ್ ಹತ್ತಕ್ಕೆ. ದಿನಚರಿಗೆ ಎರಡು ಪ್ರತಿ ಇರಬೇಕು ಎಂಬ ಸಲಹೆಯನ್ನು ನಾನೇ ಬರೆದಿಟ್ಟಿದ್ದೇನೆ. ನಿನಗಾದದ್ದು ಇನ್ನೊಬ್ಬರಿಗೆ ಆಗಬಾರದು ಎಂದೇ ಬರೆದದ್ದು. ಹತ್ತೊಂಬತ್ತು ಮತ ಒಂದು ಕಡೆ, ಮುಂದಿನ ಎಲ್ಲ ಚುನಾವಣೆಗಳು ಒಂದು ಕಡೆ.

ಬರುವುದಿಲ್ಲ ಎಂದು ಹೇಳುತ್ತಿಲ್ಲ. ಬರುತ್ತೇನೆ.

ಅಕ್ಕ

ಆಗಸ್ಟ್ 9

ತಮ್ಮಾ,

ನೀನು ಬರೆಯುವುದಿಲ್ಲ ಎಂದು ಗೊತ್ತು, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಆ ಕೋಣೆಗೆ ಕಾಲಿಡುವವರೆಗೂ ಹೇಳಬೇಕೆಂದೇ ಇದ್ದೆ. ನಂಬಿದರೆ ನಂಬು. ಆ ವಿಚಾರಣಾಧಿಕಾರಿ ಎದ್ದು ನಿಂತು ನನಗೆ ಕುರ್ಚಿ ಹಾಕಿಸಿದರಲ್ಲ, "ನಿಮ್ಮ ಅಂಕಣ ನಮ್ಮ ಮನೆಯಲ್ಲಿ ಎಲ್ಲರೂ ಓದ್ತೀವಿ ಮೇಡಂ" ಎಂದರಲ್ಲ, ಅಲ್ಲಿಗೆ ನಾನು ಆ ಕುರ್ಚಿಯಲ್ಲಿ ಕೂತುಬಿಟ್ಟೆ. ಪತ್ರದ ಹಿಂಬದಿಯಲ್ಲಿ ಏನಾದರೂ ಬರೆದಿತ್ತೇ ಎಂದು ಕೇಳಿದಾಗ ನೆನಪಿಲ್ಲ ಎಂದೆ. ಓದಿದ್ದಿರಾ? ನೆನಪಿಲ್ಲ. ಪತ್ರದ ಯಾವುದಾದರೂ ಭಾಗ ಉಳಿದಿದೆಯೇ? ನೆನಪಿಲ್ಲ. ಆ ತುಂಡು ನನ್ನ ಕೈಚೀಲದಲ್ಲೇ ಇತ್ತು. ಚೀಲ ತೊಡೆಯ ಮೇಲಿತ್ತು. ನೀನು ಚೀಲವನ್ನೇ ನೋಡುತ್ತಿದ್ದೆ.

ಜವಾಬು ಕೊಡದೆ ನುಣುಚಿಕೊಳ್ಳುವ ಮಂತ್ರಿಗಳ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆ, ಎಷ್ಟು ಹೀಯಾಳಿಸಿ ಬರೆದಿದ್ದೇನೆ. ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ನನಗೆ ನಾಚಿಕೆಯಾಗುತ್ತಿದೆ. ಒಂದು ಸಾಲಾದರೂ ಬರಿ. ಬೈದಾದರೂ ಬರಿ.

ಅಕ್ಕ

ಸೆಪ್ಟೆಂಬರ್ 30

ಅಕ್ಕನಿಗೆ,

ಅಮ್ಮ ಬರೆ ಬರೆ ಎಂದು ಜೀವ ಹಿಂಡುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಡೆದದ್ದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ನನ್ನ ಕೆಲಸ ಹೋಗಲಿಲ್ಲ. ನೀನು ಹೋದ ಮರುವಾರ ವಿಚಾರಣಾಧಿಕಾರಿ ಕರೆಸಿ ಕೂರಿಸಿ ಚಹಾ ಕೊಟ್ಟರು. "ಯಾಕ್ರೀ ಮೇಷ್ಟ್ರೇ ಎಳೆದಾಡ್ತೀರ? ದಿನಚರೀಲಿರೋ ಸಹಿ ನಂದೇ ಅಂತ ಒಂದು ಸಾಲು ಬರೆದುಕೊಡಿ, ಎಲ್ಲಾ ಮುಗಿಸಿಬಿಡೋಣ" ಎಂದರು. ನಿನ್ನ ಜುಲೈ ಕಾಗದವನ್ನು ಅವರ ಮುಂದಿಟ್ಟು ನಿನ್ನನ್ನು ಸುಳ್ಳುಗಾತಿ ಮಾಡಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಹೆಂಡತಿ, ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಬರೆದುಕೊಟ್ಟೆ. ಸಹಿ ನನ್ನದೇ, ಮತದಾನ ಸುಗಮವಾಗಿತ್ತು. ಈಗ ನಿನ್ನ ಅಂಕಣದಲ್ಲಿ ಒಂದಕ್ಷರವೂ ತಪ್ಪಿಲ್ಲ. ನೀನು ಯಾರಿಗೂ ಏನನ್ನೂ ತಿದ್ದಿ ಹೇಳಬೇಕಾಗಿಲ್ಲ.

ಬೈಯುವಷ್ಟು ಸಿಟ್ಟು ಈಗ ಉಳಿದಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಅದರ ಉತ್ತರ ಮೊನ್ನೆ ಗೊತ್ತಾಯಿತು.

ಮೊನ್ನೆ ದೊಡ್ಡ ಮಗಳನ್ನು ಕರೆದುಕೊಂಡು ಶಾಲೆಯ ಬಟ್ಟೆ ಹೊಲಿಸಲು ಓಣಿಗೆ ಹೋಗಿದ್ದೆ. ಬೇರೆ ದರ್ಜಿಗಳಿದ್ದಾರೆ. ಯಾಕೋ ಕಾಲು ಅಲ್ಲಿಗೇ ಹೋಯಿತು. ಹೊಲಿಗೆಯವಳು ಏನೂ ಆಗಿಲ್ಲವೆಂಬಂತೆ ಬಟ್ಟೆ ಇಸಿದುಕೊಂಡಳು. ಮಗಳ ಹೆಗಲು, ತೋಳು, ಸೊಂಟ ಅಳೆದು ತನ್ನ ಪುಸ್ತಕದಲ್ಲಿ ಒಂದೊಂದಾಗಿ ಬರೆದುಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಮೇಷ್ಟ್ರೇ, ಅವತ್ತು ನನ್ನ ನಂಬರ್ ಬರ್ಕೊಂಡಿದ್ರಲ್ಲ, ಅದೇನಾಯ್ತು?"

ಮಗಳು ಪಕ್ಕದಲ್ಲೇ ನಿಂತಿದ್ದಳು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ನಾನು, "ಯಾವ ನಂಬರಮ್ಮ? ನನಗೆ ನೆನಪಿಲ್ಲ" ಎಂದೆ.

ಅವಳು ಜಗಳ ಮಾಡಲಿಲ್ಲ. ಅಳತೆ ಬರೆದ ಪುಟವನ್ನು ಪುಸ್ತಕದಿಂದ ಹರಿದು, ಬಟ್ಟೆಯ ಜೊತೆಗೇ ಮಡಚಿ ನನ್ನ ಮಗಳ ಕೈಗೆ ಕೊಟ್ಟಳು. "ಬೇರೆ ಕಡೆ ಹೊಲಿಸ್ಕೊಳ್ಳಮ್ಮ. ನಾನು ಎಷ್ಟೇ ಬರ್ಕೊಂಡ್ರೂ ನಾಳೆ ನೀವು ಬಂದು ಕೇಳಿದಾಗ ನನಗೂ ನೆನಪಿರಲ್ಲ" ಎಂದಳು.

ದಾರಿಯುದ್ದಕ್ಕೂ ಮಗಳು, "ಅಪ್ಪಾ, ಅವ್ರು ಯಾಕೆ ಹಾಗಂದ್ರು?" ಎಂದು ಕೇಳುತ್ತಲೇ ಬಂದಳು. ಇವತ್ತು ಬೆಳಿಗ್ಗೆಯೂ ಕೇಳಿದಳು.

ನಿನ್ನ ತಮ್ಮ